ಅಪ್‌ಡೇಟ್: ಸಿವಿಯಲ್ಲಿ ಉಪನ್ಯಾಸಗಳನ್ನು ಬೇರೆ ಬೇರೆ ಮಾಡಿದೆ

ಆಹ್ವಾನಿತ ಉಪನ್ಯಾಸ, ಪ್ರಬಂಧ ಮಂಡನೆ, ಪೋಸ್ಟರ್, ನಮ್ಮ ವಿಭಾಗದ ಸೆಮಿನಾರ್ ಎಲ್ಲವನ್ನೂ ಸಿವಿಯಲ್ಲಿ ಒಂದೇ ಪಟ್ಟಿಗೆ ಹಾಕಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಬೇಡ, ಬಿಡಿಸಿ ಹಾಕಿ ಅಂದಿರಿ. ಹಾಗೇ ಮಾಡಿದೆ, ತುಂಬಾ ಥ್ಯಾಂಕ್ಸ್.

ಮೊದಲು ‘ಮಣ್ಣಿನ ತೇವಾಂಶ ಕುರಿತು ಉಪನ್ಯಾಸ, ಧಾರವಾಡ, 2023’ ಅಂತಷ್ಟೇ ಬರೆದಿದ್ದೆ. ಅವರೇ ಕರೆದರಾ, ನಾನೇ ಸಾರಾಂಶ ಕಳಿಸಿ ಹೋದೆನಾ ಅಂತ ಓದಿದವರಿಗೆ ಗೊತ್ತಾಗುತ್ತಿರಲಿಲ್ಲ. ಈಗ ‘ಆಹ್ವಾನಿತ’ ಅನ್ನುವ ತಲೆಬರಹದ ಕೆಳಗೆ ಮೂರೇ ಸಾಲು ಉಳಿದಿವೆ. ನೋಡಿ ಸ್ವಲ್ಪ ಬೇಜಾರಾಯಿತು. ಆದರೆ ಆ ಮೂರಕ್ಕೂ ಕರೆದ ಪತ್ರ ನನ್ನ ಫೈಲಿನಲ್ಲಿದೆ.

ಒಂದೇ ಉಪನ್ಯಾಸವನ್ನು ಎರಡು ಕಡೆ ಕೊಟ್ಟಿದ್ದೆ. ಅದಕ್ಕೆ ಶೀರ್ಷಿಕೆ ಒಂದೇ ಸಲ, ಕೆಳಗೆ ಎರಡೂ ಊರು, ತಾರೀಕು. ಪೋಸ್ಟರ್ ಮುಂದೆ ನಿಂತು ವಿವರಿಸಿದ್ದು ನನ್ನ ಜೊತೆಗಾರ್ತಿ, ಹಾಗಾಗಿ ಅವರ ಹೆಸರಿಗೆ ನಕ್ಷತ್ರ ಗುರುತು ಹಾಕಿದೆ. ಅದು ಅವರಿಗೆ ಸಲ್ಲಬೇಕಾದ್ದು ಅಲ್ವಾ?

ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವವರು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ತೆಗೆದು ನೋಡಿ. ಅದರ ಸಂಶೋಧನಾ ಅಂಕಗಳ ಪಟ್ಟಿಯಲ್ಲಿ ಆಹ್ವಾನಿತ ಉಪನ್ಯಾಸಕ್ಕೂ ಪ್ರಬಂಧ ಮಂಡನೆಗೂ ಒಂದೇ ಲೆಕ್ಕ: ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವಾದರೆ 7, ದೇಶದೊಳಗೇ ನಡೆದ ಅಂತರರಾಷ್ಟ್ರೀಯದ್ದಾದರೆ 5, ರಾಷ್ಟ್ರೀಯ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದು 2. ಮಂಡಿಸಿದ ಪ್ರಬಂಧ ಸಮ್ಮೇಳನದ ಸಂಪುಟದಲ್ಲೂ ಪೂರ್ತಿ ಅಚ್ಚಾಗಿದ್ದರೆ ಒಂದೇ ಸಲ ಎಣಿಸಬೇಕು. ನಾನು ಎರಡೆರಡು ಸಲ ಬರೆದಿದ್ದೆ, ತೆಗೆದೆ. ಅಂಕದ ನಮೂನೆಗೆ ಮಟ್ಟ ಮುಖ್ಯ, ಸಿವಿ ಓದುವವರಿಗೆ ಬಗೆ ಮುಖ್ಯ. ಅದಕ್ಕೇ ಪ್ರತಿ ಸಾಲಿನ ಕೊನೆಗೆ ಮಟ್ಟವನ್ನೂ ಸೇರಿಸಿದೆ.

ನಿನ್ನೆ ಅರ್ಜಿ ಕಳಿಸಿದೆ.