ಸಹಾಯ ಬೇಕು: ಹಡಗಿನ ಮಾಡೆಲ್‌ಗೆ ತೆಳು ಪಟ್ಟಿ ಸೀಳಿಕೊಡುವವರು ಎಲ್ಲಿದ್ದಾರೆ? ಜೊತೆಗೊಂದು ಮೂತಿಯ (ಹಡಗಿನ ಮುಂತುದಿಯ) ತೊಂದರೆ

ನಮಸ್ಕಾರ. 1:64 ಅಳತೆಯ ಎರಡು ಕಂಬದ ಹಡಗು, ಪಟ್ಟಿ ಹೊದಿಸುವ ಹಂತದಲ್ಲಿದೆ. ಒಂದೊಂದು ಬದಿಗೆ 8 ಪಟ್ಟಿ ಕೂರಿಸುವಷ್ಟರಲ್ಲಿ ಕಿಟ್‌ನ 1.5 × 5 ಮಿ.ಮೀ. ಲೈಮ್‌ವುಡ್ ಖಾಲಿ. ಬದಲಿಗೆ ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಆಗಬಹುದು ಅನಿಸುತ್ತೆ: ಬಿಳುಪು, ನುಣುಪಾದ ಎಳೆ. ಬೆಂಗಳೂರಿನಲ್ಲಿ, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಾದರೂ ಸರಿ, ಅಷ್ಟು ತೆಳುವಾಗಿ ಸೀಳಿಕೊಡುವವರು ಗೊತ್ತಾ? ಮಾಮೂಲಿ ಗರಗಸದ ಬ್ಲೇಡೇ 3 ಮಿ.ಮೀ. ತಿಂದುಬಿಡುತ್ತೆ, ಪಟ್ಟಿಗಿಂತ ಹೊಟ್ಟೇ ಜಾಸ್ತಿ! 1 ಮಿ.ಮೀ. ಒಳಗಿನ ಬ್ಲೇಡ್ ಇರಬೇಕು. ಬೇಕಾಗಿರುವುದು 60 ಸೆಂ.ಮೀ. ಉದ್ದದ 30 ಪಟ್ಟಿ. ಎಳೆ ಉದ್ದಕ್ಕೇ ಓಡಬೇಕು, ಓರೆಯಿದ್ದರೆ ಬಗ್ಗಿಸುವಾಗ ಸಿಬಿರೇಳುತ್ತೆ.

ಇನ್ನು ಮೂತಿ. ನಡು ಬಲ್ಕ್‌ಹೆಡ್‌ನಲ್ಲಿ (ಪಟ್ಟಿ ಅಂಟಿಸುವ ಅಡ್ಡ ಚೌಕಟ್ಟು) ಒಂದು ಬದಿಯ ಸುತ್ತಳತೆ 90 ಮಿ.ಮೀ., ಅಂದರೆ 18 ಪಟ್ಟಿ. ಮೂತಿಯಲ್ಲಿ ಬರೀ 54, ಹಾಗಾಗಿ ಪ್ರತಿ ಪಟ್ಟಿಯನ್ನೂ 3 ಮಿ.ಮೀ.ಗೆ ಸಣ್ಣ ಮಾಡಿದೆ. ಬಲ್ಕ್‌ಹೆಡ್ ಅಂಚುಗಳನ್ನೂ ಓರೆಯಾಗಿ ಉಜ್ಜಿದ್ದಾಗಿದೆ. ಆದರೂ ಆರನೇ ಪಟ್ಟಿಯಿಂದ ಒಂದಂಚು ಎದ್ದು ಹೆಂಚು ಹೊದಿಸಿದ ಹಾಗೆ ಕೂರುತ್ತಿದೆ. ಬಿಸಿನೀರಲ್ಲಿ 20 ನಿಮಿಷ ನೆನೆಸಿ, ಬಗ್ಗಿಸಿ, ಪೂರ್ತಿ ಒಣಗಿದ ಮೇಲೆ ಫೆವಿಕಾಲ್ ಹಚ್ಚುತ್ತಿರುವುದು (ಹಸಿಯಲ್ಲೇ ಅಂಟಿಸಿದರೆ ಕುಗ್ಗಿ ಸಂದು ಬಿಡುತ್ತೆ). ಅಗಲದ ದಿಕ್ಕಿಗೂ ಮೊದಲೇ ಬಾಗಿಸಬೇಕಾ? ಹಾಗಿದ್ದರೆ ಕ್ಲ್ಯಾಂಪ್ ಹಾಕಿ ಹೇರ್ ಡ್ರೈಯರ್ ಸಾಕಾ, ಇಸ್ತ್ರಿಪೆಟ್ಟಿಗೆಯೇ ಬೇಕಾ? ಹಾಲೆ ಮರ ಹಾಗೆ ಬಾಗಿಸಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ.