ದುಬೈಗೆ ಹೊರಡೋ ಮುಂಚೆ ಗಸಗಸೆ ಡಬ್ಬ ಪಕ್ಕಕ್ಕಿಡಿ

ನಿನ್ನ ಮೆಸೇಜು ಈಗ ನೋಡಿದೆ ಕಣೇ. ಡಿಸೆಂಬರಲ್ಲಿ ಅಮ್ಮನ್ನ ಕರ್ಕೊಂಡು ಐದು ದಿನ ದುಬೈಗೆ ಹೊರಟಿದ್ದೀವಿ, ಅಮ್ಮಂಗೆ ಬೆನ್ನುನೋವು, ಮರಳುಗಾಡಿನ ಸಫಾರಿ ಎಲ್ಲ ಆಗುತ್ತಾ, ಏನು ನೋಡೋದು, ಏನು ಬಿಡೋದು, ಯಾಕೋ ಭಯ ಆಗ್ತಿದೆ ದೊಡ್ಡಮ್ಮ ಅಂತ ಕೇಳಿದ್ದೀಯ. ಅಷ್ಟೆಲ್ಲ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಬಾಯಲ್ಲೇ ಹೇಳ್ತೀನಿ. ಗ್ರೂಪಲ್ಲಿರೋರೆಲ್ಲ ಕೇಳಿಸ್ಕೊಳ್ಳಿ, ಮುಖ್ಯವಾಗಿ ಬೇತಮಂಗಲದೋರು.

ಬೇರೆಲ್ಲಾದಕ್ಕಿಂತ ಮೊದಲು ಇದು. ನಿಮ್ಮ ಪೆಟ್ಟಿಗೇಲಿ ಒಂದು ಚಿಟಿಕೆ ಗಸಗಸೆನೂ ಹೋಗ್ಕೂಡದು. ಗಸಗಸೆ ಅಫೀಮಿನ ಗಿಡದ ಬೀಜ, ಅದಕ್ಕೇ ಯುಎಇನಲ್ಲಿ ಅದನ್ನ ಮಾದಕ ಪದಾರ್ಥದ ಸಾಲಿಗೆ ಸೇರಿಸಿ ನಿಷೇಧ ಮಾಡಿದ್ದಾರೆ. ನಮ್ಮೂರಲ್ಲಿ ಯಾವ ದಿನಸಿ ಅಂಗಡೀಲಾದ್ರೂ ಐವತ್ತು ಗ್ರಾಂ ಕೊಡು ಅಂದ್ರೆ ಪೊಟ್ಟಣ ಕಟ್ಟಿ ಕೊಡ್ತಾರೆ. ಅಲ್ಲಿ ಅದೇ ಪೊಟ್ಟಣಕ್ಕೆ ಪೊಲೀಸಿನೋರು ಬರ್ತಾರೆ.

ನಾವು ಹೋದಾಗ ಆಗಿದ್ದು ಇದೇ. ಶಾರ್ಜಾದಲ್ಲಿರೋ ಮಗನಿಗೆ ಕೊಡಿ ಅಂತ ಬೇತಮಂಗಲದ ಅತ್ತೆ ಒಂದು ಚೀಲ ಕಳಿಸಿದ್ರು. ಮೇಲೆ ಕಜ್ಜಾಯ, ಅದರ ಕೆಳಗೆ ಕೋಳಿ ಸಾರಿನ ಪುಡಿ, ತಳದಲ್ಲಿ ಪೇಪರಲ್ಲಿ ಸುತ್ತಿದ ಕಾಲು ಕೇಜಿ ಗಸಗಸೆ. ಚೀಲ ಹಂಗಂಗೇ ದೊಡ್ಡಪ್ಪನ ಸೂಟ್‌ಕೇಸಿಗೆ ಹೋಯ್ತು. ಅಲ್ಲಿ ಇಳಿದು, ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತಗೊಂಡು ಹೊರಗೆ ಬರೋ ಹಾದೀಲಿ ಎಕ್ಸ್‌ರೇ ಮೆಷೀನು. ಪೆಟ್ಟಿಗೆ ಪಕ್ಕಕ್ಕೆ ಎಳೆದ್ರು. ಅಲ್ಲಿದ್ದ ಕಸ್ಟಮ್ಸ್ ಹುಡುಗ ಕೈಗೆ ಗ್ಲೌಸ್ ಹಾಕ್ಕೊಂಡು ಪೊಟ್ಟಣ ಬಿಚ್ಚಿದ, ಬಿಳೀ ಹಾಳೆ ಮೇಲೆ ಒಂದು ಚೂರು ಸುರಿದ, ಬೆರಳಲ್ಲಿ ಹರಡಿ ನೋಡಿದ, ಇನ್ನೊಬ್ಬರನ್ನ ಕರೆದ. ಕಜ್ಜಾಯದ ಮೇಲೆ ಅಂಟಿಕೊಂಡಿದ್ದ ಬಿಳೀ ಕಾಳನ್ನೂ ತೋರಿಸಿ ಇದೇನು ಅಂತ ಕೇಳಿದ್ರು. ಯಾರೂ ಜೋರು ಮಾಡಲಿಲ್ಲ, ಕುರ್ಚಿ ಕೊಟ್ರು, ನೀರು ಕೊಟ್ರು. ಆದ್ರೆ ಪಾಸ್‌ಪೋರ್ಟು ಅವರ ಮೇಜಿನ ಮೇಲೆ. ದೊಡ್ಡಪ್ಪಂಗೆ ಬೆವರು, ಮಾತೇ ಹೊರಡ್ತಿಲ್ಲ. ಯಾರು ಕೊಟ್ಟಿದ್ದು, ಯಾರಿಗೆ, ಯಾಕೆ, ಎಲ್ಲ ಬರೆಸ್ಕೊಂಡ್ರು. ಗಸಗಸೆ, ಪುಡಿ, ಕಜ್ಜಾಯ ಅಷ್ಟನ್ನೂ ಇಟ್ಕೊಂಡು, ಸಹಿ ಹಾಕಿಸ್ಕೊಂಡು ಕಳಿಸೋ ಹೊತ್ತಿಗೆ ಬೆಳಕು ಹರಿದಿತ್ತು. ನಮ್ಮನ್ನ ಕರ್ಕೊಂಡು ಹೋಗ್ಬೇಕಾದ ಗಾಡಿ ಕಾದು ಕಾದು ಹೋಗಿಬಿಟ್ಟಿತ್ತು. ನಮ್ಮನ್ನ ಬಿಟ್ರು, ನಿಜ. ಎಲ್ಲರನ್ನೂ ಹಂಗೇ ಬಿಡ್ತಾರೆ ಅಂತ ಅಂದ್ಕೋಬೇಡಿ, ಕಾನೂನಲ್ಲಿ ಅದಕ್ಕೆ ಜೈಲಿದೆ.

ಗಸಗಸೆ ಪೊಟ್ಟಣ ಒಂದನ್ನ ತೆಗೆದಿಟ್ರೆ ಸಾಲದು. ಮನೇಲಿ ಮಾಡಿದ ಸಾಗು ಪುಡಿ, ಮಟನ್ ಸಾರಿನ ಪುಡಿ, ಕುರ್ಮಾ ಮಸಾಲೆ, ಕಜ್ಜಾಯ, ಎಲ್ಲದರಲ್ಲೂ ಅದು ಇರುತ್ತೆ. ಅಂಗಡಿ ಮಸಾಲೆ ಪ್ಯಾಕೆಟ್ ಆದ್ರೆ ಹಿಂದೆ ಸಣ್ಣಕ್ಷರದಲ್ಲಿ ಪಾಪಿ ಸೀಡ್ಸ್ ಅಂತ ಇದೆಯಾ ನೋಡು, ಇದ್ರೆ ಬಿಟ್ಟು ಹೋಗು. ಇನ್ನೊಂದು, ನಿಮ್ಮಮ್ಮಂಗೆ ಊಟ ಆದ್ಮೇಲೆ ಎಲೆ ಅಡಿಕೆ ಇಲ್ಲದೆ ಆಗಲ್ಲ. ವೀಳ್ಯದೆಲೆ, ಪಾನ್ ಕೂಡ ಅಲ್ಲಿನ ನಿಷೇಧದ ಪಟ್ಟೀಲಿದೆ. ಅವಳ ಬ್ಯಾಗಿನ ಒಳಗಿನ ಜಿಪ್ ತೆಗೆದು ನೀನೇ ನೋಡು, ಅವಳು ಹೇಳಲ್ಲ. ಐದು ದಿನ ಸೋಂಪು ತಿಂದ್ಕೊಂಡಿರಲಿ.

ಸರಿ, ಈಗ ನೋಡೋ ಜಾಗ. ಡಿಸೆಂಬರು ಒಳ್ಳೇ ಕಾಲ, ಹಗಲು ಇಪ್ಪತ್ತೈದು ಡಿಗ್ರಿ ಆಸುಪಾಸು. ಜೂನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡೋಕಾಗಲ್ಲ, ಮಿರಾಕಲ್ ಗಾರ್ಡನ್ ಅನ್ನೋ ಹೂವಿನ ತೋಟ, ಗ್ಲೋಬಲ್ ವಿಲೇಜ್ ಅನ್ನೋ ಜಾತ್ರೆ ಥರದ ಜಾಗ ಎರಡೂ ಆವಾಗ ಮುಚ್ಚಿರುತ್ತೆ. ನೀವು ಹೋಗೋವಾಗ ತೆಗೆದಿರುತ್ತೆ, ಮಕ್ಕಳಿಗೆ ಒಂದು ಸಂಜೆ ಅದಕ್ಕಿಡಿ.

ಬುರ್ಜ್ ಖಲೀಫಾ 828 ಮೀಟರು, 2010ರ ಜನವರೀಲಿ ತೆಗೆದಿದ್ದು. ಟಿಕೆಟ್ಟಲ್ಲಿ ಎರಡು ಥರ, 124 ಮತ್ತೆ 125ನೇ ಮಹಡಿ ಒಂದು, 148ನೇ ಮಹಡಿ ಇನ್ನೊಂದು. 124 ಸಾಕು. ಮೇಲಿನದಕ್ಕೆ ದುಡ್ಡು ತುಂಬಾ ಜಾಸ್ತಿ, ಮಂಜು ಮುಸುಕಿದ್ರೆ ಎಲ್ಲಿಂದ ನೋಡಿದ್ರೂ ಒಂದೇ. ಡಿಸೆಂಬರಲ್ಲಿ ಅಲ್ಲಿ ಐದೂವರೆ ಹೊತ್ತಿಗೆಲ್ಲ ಸೂರ್ಯ ಮುಳುಗ್ತಾನೆ. ನಾಲ್ಕೂವರೆ ಸ್ಲಾಟ್ ತಗೊಂಡ್ರೆ ಬೆಳಕಲ್ಲೂ ಊರು ಕಾಣುತ್ತೆ, ದೀಪ ಹತ್ತೋದೂ ಕಾಣುತ್ತೆ. ಆ ಹೊತ್ತಿನ ಟಿಕೆಟ್ಟಿಗೆ ರೇಟು ಹೆಚ್ಚು, ಬೇಗ ಖಾಲೀನೂ ಆಗುತ್ತೆ, ಇಲ್ಲಿಂದಲೇ ಬುಕ್ ಮಾಡಿ. ಕೆಳಗಿಳಿದ್ರೆ ಸಂಜೆ ಅರ್ಧ ಗಂಟೆಗೊಂದು ಸಲ ಕಾರಂಜಿ, ಅದಕ್ಕೆ ದುಡ್ಡಿಲ್ಲ. ದುಬೈ ಮಾಲ್ ಒಳಗಿನ ಅಕ್ವೇರಿಯಮ್ಮಿನ ದೊಡ್ಡ ಗಾಜನ್ನೂ ಹೊರಗಿಂದ ಪುಕ್ಕಟೆ ನೋಡ್ಬಹುದು. ಅಮ್ಮನ್ನ ಮಾತ್ರ ಮೆಟ್ರೋದಲ್ಲಿ ಆ ಮಾಲಿಗೆ ಕರ್ಕೊಂಡು ಹೋಗ್ಬೇಡ. ಸ್ಟೇಷನ್ನಿಂದ ಮಾಲಿಗೆ ಮುಕ್ಕಾಲು ಕಿಲೋಮೀಟರ್ ಮೇಲಿದೆ. ಮಧ್ಯೆ ಮಧ್ಯೆ ಚಲಿಸೋ ಪಟ್ಟಿ ಹಾಕಿದ್ದಾರೆ, ಆದ್ರೂ ಬೆನ್ನುನೋವಿನೋರಿಗೆ ಅದು ಜಾಸ್ತಿ. ಟ್ಯಾಕ್ಸೀಲಿ ಹೋಗಿ. ಬೇರೆ ಕಡೆಗೆ ಮೆಟ್ರೋ ಚೆನ್ನಾಗಿದೆ, ಹೆಂಗಸರು ಮಕ್ಕಳಿಗೆ ಬೇರೆ ಬೋಗಿ. ಒಳಗೆ ಚೂಯಿಂಗ್ ಗಮ್ ಅಗಿದ್ರೂ, ನೀರು ಕುಡಿದ್ರೂ 100 ದಿರ್ಹಮ್ ದಂಡ, ಮಕ್ಕಳಿಗೆ ಮೊದಲೇ ಹೇಳಿಡು.

ನನ್ನ ಕೇಳಿದ್ರೆ ದುಬೈನಲ್ಲಿ ನಿಜವಾಗ್ಲೂ ನೋಡೋ ಅಂಥದ್ದು ಹಳೇ ಊರು. ಅಲ್ ಫಹೀದಿ ಅಂತ ಒಂದು ಕೇರಿ ಇದೆ, ಮಣ್ಣುಬಣ್ಣದ ಮನೆಗಳು, ಮೇಲೆ ಚೌಕದ ಗಾಳಿಗೋಪುರ. ಕರೆಂಟಿಲ್ಲದ ಕಾಲದಲ್ಲಿ ಮೇಲೆ ಬೀಸೋ ಗಾಳೀನ ಹಿಡಿದು ಕೆಳಗಿನ ಕೋಣೆಗೆ ಇಳಿಸ್ತಿದ್ದ ಉಪಾಯ ಅದು. ಕೆಳಗೆ ನಿಂತು ತಲೆ ಎತ್ತಿದ್ರೆ ಮುಖಕ್ಕೆ ಗಾಳಿ ತಾಕುತ್ತೆ. ಅಲ್ಲಿಂದ ಕ್ರೀಕ್ ದಡಕ್ಕೆ, ಅಂದ್ರೆ ಊರೊಳಗೆ ನುಗ್ಗಿರೋ ಸಮುದ್ರದ ಕಾಲುವೆ ದಡಕ್ಕೆ ನಡೆದು ಅಬ್ರಾ ದೋಣಿ ಹತ್ತಿ, ಒಬ್ಬರಿಗೆ ಒಂದೇ ದಿರ್ಹಮ್, ಆಚೆ ದಡ ದೇರಾ. ಚಿಲ್ಲರೆ ಇಟ್ಕೊಂಡಿರಿ. ಹತ್ತೋವಾಗ ದೋಣಿ ಅಲ್ಲಾಡುತ್ತೆ, ಅಳಿಯಂದ್ರು ಮೊದಲು ಹತ್ತಿ ಅಮ್ಮನ ಕೈ ಹಿಡಿಲಿ. ಆಚೆ ಕಡೆ ಮಸಾಲೆ ಬೀದಿ, ಚಿನ್ನದ ಬೀದಿ. ಮಧ್ಯಾಹ್ನ ಒಂದರಿಂದ ನಾಲ್ಕು ಬಹಳ ಅಂಗಡಿ ಮುಚ್ಚಿರ್ತಾರೆ, ನಾಲ್ಕರ ಮೇಲೆ ಹೋಗಿ. ಚಿನ್ನದ ರೇಟು ಎಲ್ಲಾ ಅಂಗಡೀಲೂ ಒಂದೇ, ಚೌಕಾಸಿ ಮಾಡ್ಬೇಕಾದ್ದು ಮಜೂರಿ ಮೇಲೆ. ಆದ್ರೆ ಸರ ಗಿರ ತಗೊಂಡು ಬರೋ ಆಸೆ ಇಟ್ಕೋಬೇಡ. ಒಡವೆಗೆ ಸುಂಕದ ವಿನಾಯಿತಿ ಕೊಡೋದು ಒಂದು ವರ್ಷಕ್ಕಿಂತ ಹೆಚ್ಚು ಅಲ್ಲೇ ವಾಸ ಇದ್ದು ಬರೋರಿಗೆ, ಐದು ದಿನ ನೋಡ್ಕೊಂಡು ಬರೋರಿಗಲ್ಲ. ಬೇರೆ ಏನಾದ್ರೂ ಒಂದು ಬಿಲ್ಲಲ್ಲಿ 250 ದಿರ್ಹಮ್ ದಾಟಿದ್ರೆ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ರೀಫಂಡ್ ಕೇಳಿ. ವಾಪಸ್ ಬರೋವಾಗ ಏರ್‌ಪೋರ್ಟಲ್ಲಿ ಪೆಟ್ಟಿಗೆ ಒಪ್ಪಿಸೋ ಮುಂಚೆನೇ ಅದನ್ನ ಮುಗಿಸ್ಬೇಕು, ಪೆಟ್ಟಿಗೆ ಒಳಗೆ ಹೋದ್ಮೇಲೆ ಸಾಮಾನು ತೋರಿಸು ಅಂದ್ರೆ ಎಲ್ಲಿಂದ ತೋರಿಸ್ತೀಯ.

ಒಂದು ದಿನ ಅಬುಧಾಬಿ. ಕಾರಲ್ಲಿ ಒಂದೂವರೆ ಗಂಟೆ. ದಾರೀಲೇ ಬಿಎಪಿಎಸ್ ಅನ್ನೋ ಸ್ವಾಮಿನಾರಾಯಣ ಸಂಸ್ಥೆಯೋರ ಹಿಂದೂ ಮಂದಿರ, 2024ರ ಫೆಬ್ರವರಿ 14ಕ್ಕೆ ಉದ್ಘಾಟನೆ ಆಗಿದ್ದು. ರಾಜಸ್ಥಾನದ ಕಲ್ಲಲ್ಲಿ ಕೆತ್ತಿದ ಏಳು ಶಿಖರ, ಯುಎಇನ ಏಳು ಎಮಿರೇಟ್‌ಗೆ, ಅಂದ್ರೆ ಏಳು ಸಂಸ್ಥಾನಕ್ಕೆ, ಒಂದೊಂದು. ಸೋಮವಾರ ರಜ, ಮೊದಲೇ ಹೆಸರು ನೋಂದಾಯಿಸ್ಬೇಕು. ಆಮೇಲೆ ಶೇಖ್ ಜಾಯೆದ್ ಮಸೀದಿ. ದುಡ್ಡಿಲ್ಲ, ಆನ್‌ಲೈನ್ ಪಾಸ್ ಬೇಕು. ಒಳಗಿನ ಜಮಖಾನ ಒಂದೇ 5,600 ಚದರ ಮೀಟರಿಗಿಂತ ದೊಡ್ಡದು, ಕೈಯಲ್ಲೇ ಗಂಟು ಹಾಕಿ ನೇಯ್ದಿದ್ದು. ಅಮ್ಮ ಸೀರೇಲಿ ಬರ್ತೀನಿ ಅಂತಾಳೆ, ಬೇಡ. ಮಣಿಕಟ್ಟಿನವರೆಗೆ ತೋಳು, ಪಾದದವರೆಗೆ ಬಟ್ಟೆ, ತಲೆಗೆ ದುಪಟ್ಟ. ಆವತ್ತಿಗೆ ತುಂಬುತೋಳಿನ ಚೂಡಿದಾರ ಹೊಲಿಸು.

ಮತ್ತೆ ಹೇಳ್ತೀನಿ, ಗಸಗಸೆ ಬೇಡ. ಯಾರು ಕೊಟ್ರೂ ಬೇಡ. ಕಟ್ಟಿದ ಚೀಲ ಕೊಟ್ರೆ ಎದುರಿಗೇ ಬಿಚ್ಚಿ, ಒಂದೊಂದಾಗಿ ಹೊರಗಿಟ್ಟು ನೋಡಿ ಆಮೇಲೆ ತಗೊಳ್ಳಿ. ಅತ್ತೆ ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ನನಗೆ ಸಂಕಟ ಆಗೋದು ಬೇರೆ. ನಮ್ಮಿಂದ ಅಷ್ಟು ದುಡ್ಡು ಎಣಿಸ್ಕೊಂಡ ಆ ಟೂರಿನೋನು ಇದರ ಬಗ್ಗೆ ಒಂದು ಮಾತು ಹೇಳಲಿಲ್ಲ. ಎಲ್ಲ ಸೇರಿದೆ ಅಮ್ಮ ಅಂದ. ಹೋಟೆಲ್ ಬಿಡೋ ದಿನ ಟೂರಿಸಂ ದಿರ್ಹಮ್ ಅಂತ ತೆರಿಗೆ ಕೇಳಿದ್ರು, ಫೈವ್ ಸ್ಟಾರಾದ್ರೆ ರೂಮಿಗೆ ರಾತ್ರಿಗೆ 20 ದಿರ್ಹಮ್, ಅದು ಪ್ಯಾಕೇಜಲ್ಲಿ ಇರಲಿಲ್ಲ. ನೀವು ಬುಕ್ ಮಾಡೋ ಮುಂಚೆ ಇದನ್ನ ಬರವಣಿಗೇಲಿ ಕೇಳ್ಕೊಳ್ಳಿ. ಅವನು ಹೊರಗಿನೋನು, ಬಿಡು. ಮನೆಯೋರು ಏನು ಮಾಡಿದ್ರು? ಅವತ್ತು ಬಂದ ಮೇಲೆ ನಡೆದಿದ್ದನ್ನ ಇದೇ ಗ್ರೂಪಲ್ಲಿ ಹೇಳಿದೆ. ಒಬ್ಬರೂ ಏನಾಯ್ತು ದೊಡ್ಡಮ್ಮ ಅಂತ ಫೋನ್ ಮಾಡಲಿಲ್ಲ. ಮೇಲಿಂದ ಮೇಲೆ ಗುಡ್ ಮಾರ್ನಿಂಗ್ ಹೂವು ಬಂತು. ಬಂಗಾರಪೇಟೆ ಹುಡುಗರು ಸಿಂಗಾಪುರಕ್ಕೆ ಹೋಗಿದ್ದು ನಮಗೆ ಫೋಟೋದಲ್ಲಿ ಗೊತ್ತಾಯ್ತು. ದಸರಾಗೆ ಕೋಲಾರಕ್ಕೆ ಬನ್ನಿ, ಮಕ್ಕಳಿಗೆ ಕೋಲಾರಮ್ಮನ ಗುಡಿ ತೋರಿಸಿ, ಅಂತರಗಂಗೆ ಮೆಟ್ಟಿಲು ಹತ್ತಿಸಿ ಅಂದ್ರೆ ರಜ ಇಲ್ಲ ಅಂತೀರ. ಬಸವನ ಬಾಯಿಂದ ನೀರು ಬರೋದನ್ನ ನೋಡದೆ ಬೆಳೀತಿವೆ ಈ ಮನೆ ಮಕ್ಕಳು. ನೀನು ಕೇಳಿದೆಯಲ್ಲ, ಅದಕ್ಕೆ ನಂಗೆ ಸಂತೋಷ. ಕೇಳೋರಿದ್ರೆ ಹೇಳೋಕೆ ನಾವಿದ್ದೀವಿ.

ಅಯ್ಯೋ, ನೀನು ಕೇಳಿದ್ದೇ ಸಫಾರಿ, ಅದನ್ನೇ ಹೇಳಲಿಲ್ಲ ನೋಡು. ಮೂರು ಗಂಟೆ ಹೊತ್ತಿಗೆ ಹೋಟೆಲಿಂದ ದೊಡ್ಡ ಜೀಪಲ್ಲಿ ಕರ್ಕೊಂಡು ಹೋಗ್ತಾರೆ. ಮರಳು ಶುರುವಾಗೋ ಕಡೆ ನಿಲ್ಲಿಸಿ ಟೈರಿನ ಗಾಳಿ ಅರ್ಧಕ್ಕಿಂತ ಕಡಿಮೆ ಮಾಡ್ತಾರೆ, ಹದಿನೈದು ಪಿಎಸ್‌ಐ ಹತ್ತಿರ. ಗಾಳಿ ಇಳಿದ್ರೆ ಟೈರು ಅಗಲ ಆಗಿ ಹೂತುಕೊಳ್ಳಲ್ಲ. ಆಮೇಲೆ ದಿಣ್ಣೆ ಮೇಲೆ ಹತ್ತಿಸಿ ಅಡ್ಡಡ್ಡ ಜಾರಿಸ್ತಾರೆ, ಅರ್ಧ ಗಂಟೆ. ಡ್ಯೂನ್ ಬ್ಯಾಶಿಂಗ್ ಅಂದ್ರೆ ಅದೇ. ಬೆನ್ನುಮೂಳೆ ತೊಂದರೆ, ಹೃದಯದ ತೊಂದರೆ ಇರೋರು, ಬಸುರಿಯರು ಅದಕ್ಕೆ ಕೂರಲೇಬಾರದು. ಬುಕ್ ಮಾಡೋವಾಗಲೇ ಒಬ್ಬರಿಗೆ ಡ್ಯೂನ್ ಬ್ಯಾಶಿಂಗ್ ಬೇಡ, ರಸ್ತೇಲಿ ನೇರ ಕ್ಯಾಂಪಿಗೆ ಬಿಡಿ ಅಂತ ಹೇಳಿ, ಒಪ್ಪದಿದ್ರೆ ಬೇರೆಯೋರನ್ನ ನೋಡಿ. ನೀವು ಕೂರೋದಾದ್ರೆ ಹೊಟ್ಟೆ ತುಂಬ ಉಂಡು ಹೋಗ್ಬೇಡಿ, ಎರಡು ಗಂಟೆ ಮುಂಚೆ ಹಗುರ ತಿಂದಿರಿ. ವಾಂತಿ ಆಗೋ ಮಗೂನ ಹಿಂದಿನ ಸಾಲಲ್ಲಿ ಕೂರಿಸ್ಬೇಡ, ಅಲ್ಲೇ ಕುಲುಕಾಟ ಹೆಚ್ಚು. ಒಂಟೆ ಹಿಂಗಾಲು ಮೊದಲು ಎತ್ತುತ್ತೆ, ಕೂತೋರು ಮುಂದಕ್ಕೆ ಮುಗ್ಗರಿಸ್ತಾರೆ, ಆವಾಗ ಹಿಂದಕ್ಕೆ ವಾಲಿ ಗಟ್ಟಿಯಾಗಿ ಹಿಡ್ಕೋಬೇಕು. ಕೂರೋವಾಗ ಮುಂಗಾಲು ಮೊದಲು ಮಡಿಸುತ್ತೆ, ಆವಾಗಲೂ ಹಂಗೇ. ಅಮ್ಮ ಒಂಟೆ ಹತ್ತೋದು ಬೇಡ, ಪಕ್ಕದಲ್ಲಿ ನಿಂತು ಫೋಟೋ ಸಾಕು. ಕ್ಯಾಂಪಲ್ಲಿ ನೆಲದ ಮೇಲೆ ದಿಂಬು ಹಾಕಿ ಕೂರಿಸ್ತಾರೆ, ಅವಳಿಗೆ ಏಳೋಕಾಗಲ್ಲ, ಹೋದ ತಕ್ಷಣ ಕುರ್ಚಿ ಕೇಳಿ. ರಾತ್ರಿ ಚಳಿ ಚೆನ್ನಾಗೇ ಇರುತ್ತೆ, ಸ್ವೆಟರ್ ಮರೀಬೇಡಿ. ಐಷಾರಾಮಕ್ಕೆ ಅಂತ ದುಡ್ಡು ಎತ್ತಿಟ್ಟಿದ್ರೆ ಇಲ್ಲಿ ಹಾಕಿ, ಕಾಡುಜಿಂಕೆ ಇರೋ ಮರಳುಗಾಡಿನ ರಕ್ಷಿತ ಪ್ರದೇಶದೊಳಗೆ ನಿಧಾನವಾಗಿ ಓಡಿಸಿ ತೋರಿಸೋ ಸಫಾರಿ ಇದೆ. ಅದು ಅಮ್ಮಂಗೂ ಆಗುತ್ತೆ.

ಎಲ್ಲಕ್ಕಿಂತ ಅವಸರದ್ದು ಮಾತ್ರೆ. ಬೆನ್ನಿಗೆ ಆ ಡಾಕ್ಟ್ರು ಬರೆದಿರೋದು ಏನು? ಟ್ರಮಡಾಲ್, ಪ್ರೀಗಾಬಾಲಿನ್, ಕೊಡೀನ್ ಇರೋ ಕೆಮ್ಮಿನ ಔಷಧಿ, ಇವೆಲ್ಲ ಅಲ್ಲಿ ನಿಯಂತ್ರಣದಲ್ಲಿರೋ ಔಷಧಿ. ಅಂಥದ್ದಿದ್ರೆ ಹೊರಡೋ ಮುಂಚೆನೇ ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲಿ ಅನುಮತಿ ತಗೋಬೇಕು, ಡಾಕ್ಟ್ರ ಚೀಟಿ, ಪಾಸ್‌ಪೋರ್ಟ್ ಪ್ರತಿ ಹಾಕಿ. ಇಲ್ಲ, ಡಾಕ್ಟ್ರ ಹತ್ರ ಹೋಗಿ ಐದು ದಿನಕ್ಕೆ ಬೇರೆ ಮಾತ್ರೆ ಬರೆಸು. ಬಿಪಿ ಮಾತ್ರೇನೂ ಸ್ಟ್ರಿಪ್ಪಲ್ಲೇ ಇರಲಿ, ಬಿಡಿಸಿ ಡಬ್ಬಕ್ಕೆ ಹಾಕ್ಬೇಡ. ಚೀಟೀಲಿ ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಂಗೇ ಇರ್ಬೇಕು. ಏರ್‌ಪೋರ್ಟಲ್ಲಿ ವೀಲ್‌ಚೇರ್ ಬೇಕು ಅಂತ ಟಿಕೆಟ್ಟಲ್ಲೇ ಹಾಕ್ಸು, ಅದಕ್ಕೆ ದುಡ್ಡಿಲ್ಲ, ಎರಡೂ ಕಡೆ ನಡೆಯೋದು ಬಹಳ.

ಎಲ್ಲಾ ಮಾತ್ರೆ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ತೆಗೆದು ಇವತ್ತು ಸಂಜೆ ಒಳಗೆ ನಂಗೆ ಬೇರೆಯಾಗಿ ಕಳಿಸು, ಗ್ರೂಪಿಗೆ ಹಾಕ್ಬೇಡ. ದೊಡ್ಡಪ್ಪ ಓದಿ ಹೇಳ್ತಾರೆ.