ಆಸ್ಪತ್ರೆಯ ‘ಅಟೆಂಡರ್’ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ರೋಗಿಯ ಜೊತೆ ಆಸ್ಪತ್ರೆಯಲ್ಲಿ ಉಳಿದುಕೊಳ್ಳುವವರಿಗೆ ನಿಮ್ಮ ಕಡೆ ಏನು ಹೇಳುತ್ತೀರಿ? ನರ್ಸ್ ಅಲ್ಲ, ಆಯಾ ಅಲ್ಲ. ಮನೆಯಿಂದ ಬಂದು, ಔಷಧಿ ಚೀಟಿ ಹಿಡಿದು ಓಡಾಡಿ, ರಾತ್ರಿ ಮಂಚದ ಪಕ್ಕ ಚಾಪೆ ಹಾಸಿಕೊಳ್ಳುವವರು.

ಈಚೆಗೆ ನಮ್ಮ ಅತ್ತೆಯನ್ನು ಹಾಸನದಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ವ್ಯವಸ್ಥೆ ಚೆನ್ನಾಗಿಯೇ ಇದೆ. ಟೋಕನ್ ನಂಬರ್ ಟಿವಿಯಲ್ಲಿ ಬರುತ್ತದೆ, ಸ್ಕ್ಯಾನಿಂಗ್ ಅಲ್ಲೇ, ರಕ್ತಪರೀಕ್ಷೆ ಅಲ್ಲೇ, ವಾರ್ಡು ಚೊಕ್ಕಟ. ಜೊತೆಗೆ ಹೋದವರ ಪಾಡೇ ಬೇರೆ. ಕೂರಲು ಸ್ಟೀಲ್ ಕುರ್ಚಿ, ನಡುನಡುವೆ ಕೈ ಇರುವುದರಿಂದ ಕಾಲು ಚಾಚುವ ಹಾಗಿಲ್ಲ. ಬಿಸಿನೀರಿನ ನಲ್ಲಿ ಇಡೀ ಮಹಡಿಗೆ ಒಂದೇ. ಬೆಳಗಿನ ಜಾವ ಫ್ಲಾಸ್ಕ್ ಹಿಡಿದವರ ಸಾಲು ಲಿಫ್ಟ್ ತನಕ. ಎಲ್ಲರ ಕೊರಳಲ್ಲೂ ‘ಅಟೆಂಡರ್ ಪಾಸ್’.

ನಮ್ಮ ಮಾವನಿಗೆ ಅಟೆಂಡರ್ ಅಂದರೆ ಆಫೀಸಿನಲ್ಲಿ ಫೈಲ್ ಹೊರುವ ಜವಾನ. ‘ಪೇಷಂಟ್ ಅಟೆಂಡರ್ ಬನ್ನಿ’ ಅಂತ ಮೈಕಿನಲ್ಲಿ ಕರೆದರೆ, ‘ಆಸ್ಪತ್ರೆಯೋರನ್ನ ಯಾರನ್ನೋ ಕರೀತಾವ್ರೆ’ ಅಂತ ಸುಮ್ನೆ ಕೂತಿದ್ದರು. ಆಮೇಲೆ ನರ್ಸೇ ಹೊರಗೆ ಬಂದು ‘ಹನ್ನೆರಡನೇ ಬೆಡ್ ಕಡೆಯೋರು ಯಾರ್ರೀ?’ ಅಂದಾಗ ತಟ್ಟನೆ ಎದ್ದರು.

ಹಾಗಾಗಿ ನನ್ನ ಓಟು ‘ಕಡೆಯವರು’ ಅನ್ನುವುದಕ್ಕೇ. ತೊಡಕೂ ಇದೆ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಅಂದ ಹಾಗೆ ಇಡೀ ಬಳಗವೇ ಅದರೊಳಗೆ ಬಂದುಬಿಡುತ್ತದೆ. ಪಾಸ್ ಕೊಡುವುದು ಒಬ್ಬರಿಗೆ ಅಲ್ವಾ? ‘ಸಹಾಯಕರು’ ಅಂದರೆ ಮತ್ತೆ ಯಾವುದೋ ಹುದ್ದೆಯಾಯಿತು. ‘ಆರೈಕೆದಾರರು’ ಸ್ವಲ್ಪ ಸರ್ಕಾರಿ ಸುತ್ತೋಲೆಯ ಮಾತು, ಆದರೆ ಬೇರು ನಮ್ಮದೇ. ಹಳಗನ್ನಡದ ‘ಆರಯ್’ ಅಂದರೆ ವಿಚಾರಿಸು, ನೋಡಿಕೊ. ‘ಶುಶ್ರೂಷೆ’ಗೆ ಸಂಸ್ಕೃತದಲ್ಲಿ ಮೂಲ ಅರ್ಥ ‘ಕೇಳಿಸಿಕೊಳ್ಳುವ ಬಯಕೆ’. ಡಾಕ್ಟರ್ ರೌಂಡ್ಸಿಗೆ ಬಂದಾಗ ಮೈಯೆಲ್ಲ ಕಿವಿಯಾಗಿ ನಿಲ್ಲುವವರಿಗೆ ಇದು ಒಪ್ಪುತ್ತದೆ. ಆದರೆ ‘ಶುಶ್ರೂಷಕಿ’ಯನ್ನು ಆಗಲೇ ನರ್ಸಿಗೆ ಕೊಟ್ಟಾಗಿದೆ.

ಬಾಣಂತಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ‘ಬಾಣಂತನ’ ಅಂತ ಎಷ್ಟು ಅಚ್ಚುಕಟ್ಟಾದ ಮಾತಿದೆ ನೋಡಿ. ಬೇರೆ ರೋಗಿಗಳ ವಿಷಯಕ್ಕೆ ಬಂದರೆ ‘ನೋಡ್ಕೊಳ್ಳೋಕೆ ಇದ್ದೀನಿ’ ಅಂತ ವಾಕ್ಯವನ್ನೇ ಹೇಳಬೇಕು.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧಿ, ಉಪಸ್ಥಾತೃ, ರೋಗಿ. ಉಪಸ್ಥಾತೃ ಅಂದರೆ ಹತ್ತಿರ ನಿಂತಿರುವವನು. ಇದನ್ನು ಬೋರ್ಡಿಗೆ ಹಾಕಿದರೆ ಮಾವ ಕುರ್ಚಿ ಬಿಟ್ಟು ಏಳುವುದೇ ಇಲ್ಲ, ಬಿಡಿ! ಕೇರಳದ ಆಸ್ಪತ್ರೆಗಳಲ್ಲಿ ಇವರನ್ನು ‘ಬೈಸ್ಟ್ಯಾಂಡರ್’ ಅನ್ನುತ್ತಾರೆ. ಅದೂ ಪಕ್ಕದಲ್ಲಿ ನಿಲ್ಲುವವನೇ.

ಚಿಕ್ಕಮಗಳೂರಿನವರು ಮಂಗಳೂರು, ಮಣಿಪಾಲಕ್ಕೆ ಜಾಸ್ತಿ ಹೋಗುತ್ತೀರಿ. ಅಲ್ಲಿನ ಪಾಸಿನ ಮೇಲೆ ಕನ್ನಡದಲ್ಲಿ ಏನು ಬರೆದಿರುತ್ತಾರೆ? ಹುಬ್ಬಳ್ಳಿ, ಧಾರವಾಡದ ಕಡೆ ವಾರ್ಡಿನ ಬಾಗಿಲಲ್ಲಿ ಏನಂತ ಕೂಗುತ್ತಾರೆ? ಕಿವಿಯಾರೆ ಕೇಳಿದ್ದಿದ್ದರೆ ಹೇಳಿ, ನಿಘಂಟಿನದು ಬೇಡ.